ಮೇಲಿನ ಚೀಟಿ

ಹಾರನಹಳ್ಳಿ
೧೨-೬-೨೦೦೩

ಭಾಷಾ ಕಂಪ್ಯೂಟರ್ ವಿಭಾಗದ ಮೇಷ್ಟ್ರಿಗೆ ಹಾಲಮ್ಮನ ಶರಣು.

ನಿಮ್ಮಲ್ಲಿ ಕೆಲಸ ಮಾಡುವ ಉಷಾರಾಣಿಯ ತಾಯಿ ನಾನು. ಇದು ಹೆಸರು, ಇದು ಕ್ರಿಯೆ ಎಂದು ಪದಗಳಿಗೆ ಬಿದ್ದ ತಪ್ಪು ಗುರುತನ್ನು ಅಳಿಸಿ ಕಂಪ್ಯೂಟರ್ ಸರಿಯಾದದ್ದು ಹಾಕಲಿ ಎಂದು ಅವಳು ಚೀಟಿಗೊಂದರಂತೆ ನಿಯಮ ಬರೆದು ಕಟ್ಟಿಟ್ಟಿದ್ದಳು. ನಿಮಗೆ ಕೊಡುವ ದಿನ ಚೀಟಿಗಳಿಗೆ ವಿಭೂತಿ ಹಚ್ಚೋಣವೆಂದು ನೋಡಿದರೆ ಮೇಲಿನ ಚೀಟಿಯಲ್ಲೇ ‘ಹೆಸರು ಎಂಬ ಗುರುತು ಅಳಿಸು’ ಎಂದಿತ್ತು. ಒಳ್ಳೆಯ ಕೆಲಸಕ್ಕೆ ಹೊರಟವರು ಅಳಿಸು ಎಂದು ಶುರು ಮಾಡುತ್ತಾರೆಯೇ? ಅದನ್ನು ತಳಕ್ಕೆ ಹಾಕಿದೆ.

ಯಂತ್ರವು ಚೀಟಿಗಳಿದ್ದ ಸಾಲಿನಲ್ಲೇ ಒಂದೊಂದಾಗಿ ಕೆಲಸ ಮಾಡುತ್ತದೆಂದು ನನಗೇನು ಗೊತ್ತು? ಹೆಸರಿನ ಗುರುತನ್ನು ಮತ್ತೆ ಹಾಕುವ ಚೀಟಿಗಳೆಲ್ಲ ಮುಗಿದ ಮೇಲೆ ಬಂದ ಆ ಅಳಿಸುವ ಚೀಟಿ ಬೇಲೂರು, ಹಳೇಬೀಡು, ನಮ್ಮ ಶಿವ, ಯಾರನ್ನೂ ಹೆಸರಾಗಿ ಉಳಿಸಲಿಲ್ಲವಂತೆ. ಕೆಲಸದಿಂದ ತೆಗೆಯುವುದಾಗಿ ನೀವು ಬರೆದ ಕಾಗದ ಹಿಡಿದು, “ಸಾಲು ನಾನೇ ತಪ್ಸಿದೀನಿ ಕಣವ್ವ” ಎಂದು ಮಗಳು ಅಳುತ್ತಿದ್ದಾಳೆ. “ಊಟ ಮಾಡು ಬಾರೇ” ಎಂದೆನೇ ಹೊರತು ನಿಜ ಹೇಳಲು ಬಾಯಿ ಬರಲಿಲ್ಲ.

ಆ ಚೀಟಿಯನ್ನು ಮೇಲಕ್ಕೆ ಹಾಕಿ ಇನ್ನೊಮ್ಮೆ ನೋಡಿ, ಅವಳ ಕೆಲಸ ಉಳಿಸಿ. ಅವಳಿಗೆ ಬರೆಯುವಾಗ ಮಾತ್ರ ಕಂಪ್ಯೂಟರ್ ಕೆಟ್ಟಿತ್ತು ಎಂದು ಬರೆಯಿರಿ. ಸುಳ್ಳಿನ ಪಾಪ ನನಗಿರಲಿ, ಸೋಮೇಶ್ವರನಿಗೆ ಹೇಳಿಕೊಳ್ಳುತ್ತೇನೆ. ಕಂಪ್ಯೂಟರ್ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ?

ನಿಮ್ಮ ಮೇಲೆ ಭಾರ ಹಾಕಿರುವ,
ಹಾಲಮ್ಮ