ಮೂರು ಮುಕ್ಕಾಲರ ಹಾಜರಿ

ಮಾರ್ಚ್ 11, ಬೆಳಿಗ್ಗೆ 6.20. ಹೊಸನಗರದ ಹತ್ತಿರ, ಶಾಲೆಯ ಕೋಣೆ

ಎಂಟು ಸೆಟ್, ಹದಿನಾರು ಬ್ಯಾಟರಿ. ಎಣಿಸಿದ್ದಾಯಿತು. ನಿನ್ನೆಯ ಹೊಗೆಗೆ ಗಂಟಲು ಕಟ್ಟಿದೆ. ಕುಂದಲಗುಡ್ಡಕ್ಕೆ ಬೆಂಕಿ ಬಿದ್ದು ಇವತ್ತಿಗೆ ಮೂರನೇ ದಿನ. ಮೇಲೆ ಹತ್ತಿದರೆ ಮೊಬೈಲು ಸತ್ತ ಹಾಗೆ. ಅದಕ್ಕೇ ನಮ್ಮನ್ನು ಕರೆದದ್ದು. ಹ್ಯಾಮ್ ರೇಡಿಯೋದವರು ನಾವು, ಹವ್ಯಾಸಕ್ಕೆ ವೈರ್‌ಲೆಸ್ ನಡೆಸುವವರು. ಲೈಸೆನ್ಸ್ ಇದೆ, ಸಂಬಳ ಇಲ್ಲ, ಮರ್ಯಾದೆಯೂ ಇಲ್ಲ.

ಅರಣ್ಯ ಇಲಾಖೆಯ ಸಾಹೇಬರು ಬಂದವರೇ "ಏ ವಾಕಿಟಾಕಿಯವ್ರೇ, ಇಲ್ಲಿ ಬನ್ರೀ" ಅಂದರು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು ನಾನು. ನನಗೊಂದು ಹೆಸರಿದೆ, ಸರೋಜ ಅಂತ. ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

ನಮ್ಮವರಿಗೆ ಮತ್ತೆ ಅದೇ ಪಾಠ. ಇಬ್ಬಿಬ್ಬರೇ ಹೋಗುವುದು. ಅರ್ಧ ಗಂಟೆಗೊಮ್ಮೆ ನಾನು ಹಾಜರಿ ಕರೆಯುತ್ತೇನೆ. ಅವರವರ ಹಾಜರಿ ಅವರವರ ಬಾಯಲ್ಲೇ ಬರಬೇಕು. ಒಬ್ಬನ ಬ್ಯಾಟರಿ ಮುಗಿದರೆ ನನಗೆ ಹೇಳಿ ಇಬ್ಬರೂ ಇಳಿಯಬೇಕು. ಪೂರ್ಣೇಶ ಮುಸಿಮುಸಿ ನಕ್ಕ. ತೀರ್ಥಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಅವನದು. ಕೈ ಚುರುಕು, ತಲೆ ಸಡಿಲ. ಹೋದ ವರ್ಷ ಹೇಳದೆ ಜಾಗ ಬಿಟ್ಟು ಊಟಕ್ಕೆ ಹೋಗಿದ್ದ. ಎಲ್ಲರೆದುರು ನೀರಿಳಿಸಿ ಆರು ತಿಂಗಳು ಹೊರಗಿಟ್ಟಿದ್ದೆ. ಇವತ್ತು ಸುರೇಂದ್ರನ ಜೊತೆ ಹಾಕಿದ್ದೇನೆ. ರಿಪ್ಪನ್‌ಪೇಟೆಯ ಡ್ರಿಲ್ ಮೇಷ್ಟರು, ಹೇಳಿದ ಮಾತಿಗೆ ತಪ್ಪದ ಮನುಷ್ಯ.

ಮಧ್ಯಾಹ್ನ 3.35

ಮೈಯೆಲ್ಲ ಉರಿಯುತ್ತಿದೆ. ಗುಡ್ಡದ ಬುಡದಲ್ಲಿ ನಿಂತೇ ಇರಬೇಕು ಎಂದು ಬರೆಸಿಕೊಂಡಿದ್ದ ಜೀಪು ಅಲ್ಲಿಲ್ಲ! ನಮ್ಮ ಬ್ಯಾಟರಿ ಪೆಟ್ಟಿಗೆ, ಫಸ್ಟ್ ಏಡ್ ಎಲ್ಲ ಅದರಲ್ಲೇ. ಸಾಹೇಬರ ಊಟ ತರಲು ಪೇಟೆಗೆ ಹೋಗಿದೆಯಂತೆ. ಮೇಲೆ ಇಪ್ಪತ್ತಾರು ಜನ ಬೆಳಗಿನ ಚಿತ್ರಾನ್ನದಲ್ಲೇ ಹಸಿಸೊಪ್ಪು ಹಿಡಿದು ಬೆಂಕಿ ಬಡಿಯುತ್ತಿದ್ದಾರೆ. ಇವರಿಗೆ ಬಿಸಿ ಊಟ ಬೇಕು.

"ಅರ್ಧ ಗಂಟೇಲಿ ಬರುತ್ತಲ್ಲಮ್ಮ, ನೀವ್ಯಾಕೆ ಟೆನ್ಶನ್ ಮಾಡ್ಕೋತೀರಾ?"

"ಅರ್ಧ ಗಂಟೇಲಿ ಬೆಂಕಿ ಎಲ್ಲಿಗ್ ಹೋಗತ್ತೆ ಅಂತ ನಿಮ್ಗೆ ಗೊತ್ತಾ ಸಾರ್?"

ಬಾಗಿಲಲ್ಲೇ ನಿಂತಿದ್ದಾರೆ, ಇನ್ನೂ ವಾದ ಮುಗಿದಿಲ್ಲ. ಹಾಜರಿಯ ಹೊತ್ತು ಬಂತು...

ಮಾರ್ಚ್ 12, ಬೆಳಿಗ್ಗೆ 9

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

4.05ಕ್ಕೆ ಗಾಳಿ ತಿರುಗಿತು. ಎಲ್ಲರೂ ಪಡುವಣ ದಾರಿಯಲ್ಲಿ ಇಳಿಯಿರಿ ಎಂದೆ. ಮೂರು ಜೋಡಿ "ಇಳೀತಿದೀವಿ" ಎಂದರು. ಸುರೇಂದ್ರನದು ಸದ್ದಿಲ್ಲ. ಮತ್ತೆ ಕರೆದೆ.

"ಅಕ್ಕಾ... ಪೂರ್ಣೇಶ ಇಲ್ಲಿಲ್ಲ."

"ಇಲ್ಲ ಅಂದ್ರೆ?"

"ಬ್ಯಾಟರಿ ಹೋಯ್ತು ಅಂತ ಜೀಪಿನ ಹತ್ರ ಹೋದ. ಹಳ್ಳದ ದಾರೀಲಿ. ಮೂರೂವರೆಗೆ."

ಒಬ್ಬನೇ. ಕೈಯಲ್ಲಿ ಸತ್ತ ಸೆಟ್. ಕೆಳಗೆ ಜೀಪಿಲ್ಲ. ಕಾದು ಕಾದು, ಬರಿಗೈಯಲ್ಲೇ ಅದೇ ಹಳ್ಳದಲ್ಲಿ ವಾಪಸ್ ಹತ್ತಿದ್ದಾನೆ. ಬೆಂಕಿ ಇಳಿದದ್ದೂ ಅದೇ ಹಳ್ಳಕ್ಕೆ. ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಅರಣ್ಯದ ವಾಚರ್‌ಗಳು 5.10ಕ್ಕೆ ಹೊತ್ತು ತಂದರು. ಎರಡೂ ಕೈ ಸುಟ್ಟಿದೆ, ಬೆನ್ನು ಸುಟ್ಟಿದೆ, ಹೊಗೆ ಕುಡಿದಿದ್ದಾನೆ. ಶಿವಮೊಗ್ಗದ ಐಸಿಯುನಲ್ಲಿದ್ದಾನೆ. ಸಾಹೇಬರು "ಛೆ" ಅಂದರು. ಅಷ್ಟೇ. ಛೆ ಅಂತೆ!

ಮಾರ್ಚ್ 15, ಸಾಗರ, ಮನೆ

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಸುರೇಂದ್ರನಿಗೆ ಬೈಗುಳದ ಮಳೆ. ಕೊಲೆಗಾರ ಅಂತ ಬರೆದಿದ್ದಾನೆ ಒಬ್ಬ. ಅವನೋ, ಬೆಂಕಿ ಬಿದ್ದ ದಿನ ಮನೆ ಬಿಟ್ಟು ಹೊರಗೆ ಬಾರದ ವೀರ! ಒಂದು ಮೆಸೇಜಿಗೂ ಸುರೇಂದ್ರ ಉತ್ತರ ಕೊಟ್ಟಿಲ್ಲ. ಇವತ್ತು ಮನೆಗೇ ಬಂದ. ಕೂರು ಅಂದರೂ ಕೂರಲಿಲ್ಲ.

"ಯಾಕೆ ಹಾಗ್ ಹೇಳ್ದೆ ಮಾರಾಯ? ಮೂರು ಮುಕ್ಕಾಲರ ಹಾಜರೀಲಿ ಇಬ್ರೂ ಇದ್ದೀವಿ ಅಂತ ಯಾಕಂದೆ?" ಅಂತ ಕೂಗಿದೆ.

"ಅವ್ನೇ ಹೇಳ್ದ ಅಕ್ಕಾ. ಎರಡ್ನೇ ಬ್ಯಾಟರಿ ಚೀಲಕ್ಕೆ ಹಾಕ್ಕೊಳ್ದೆ ಜೀಪಲ್ಲೇ ಬಿಟ್ಟಿದ್ದ. 'ಅಕ್ಕಂಗೆ ಹೇಳ್ಬೇಡಿ, ಮತ್ತೆ ಎಲ್ಲರೆದುರು ಬೈತಾರೆ, ಹೊರಗ್ ಹಾಕ್ತಾರೆ. ಹತ್ತು ನಿಮಿಷ, ಬಂದೆ' ಅಂದ. ನಾನೂ... ಪಾಪ ಅನ್ನಿಸ್ತು."

"ನಾನು ಬೈದ್ರೆ ಸಾಯ್ತಿದ್ನಾ ಅವ್ನು?"

ಸುರೇಂದ್ರ ಚಪ್ಪಲಿ ಮೆಟ್ಟಿಕೊಂಡು ಹೇಳಿದ: "ಸಂಘದ ಮೀಟಿಂಗಲ್ಲಿ ನನ್ನ ತೆಗೀರಿ. ನೀವೇ ಹೇಳಿ, ಬೇರೆಯವ್ರ ಬಾಯಲ್ಲಿ ಬೇಡ."

ಮಾರ್ಚ್ 16

ಬೆಂಕಿಗಿಂತ ನನ್ನ ನಾಲಿಗೆಗೇ ಹೆಚ್ಚು ಹೆದರಿದರು ಇಬ್ಬರೂ. ಒಬ್ಬ ನಲವತ್ತೆಂಟರವನು, ಇನ್ನೊಬ್ಬ ಮೂವತ್ತೈದರವನು. ಶಿಸ್ತು ಅಂತ ಬೀಗುತ್ತಿದ್ದೆನಲ್ಲ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಲಾಗ್ ಪುಸ್ತಕ ತೆಗೆದೆ. 3.45. ಸುರೇಂದ್ರ, ಸರಿ ಗುರುತು. ಪೂರ್ಣೇಶ, ಸರಿ ಗುರುತು. ಎರಡೂ ನನ್ನ ಕೈಯವೇ.

ಕೇಳಿದ್ದು ಒಂದೇ ದನಿ. ನನಗೆ ಗೊತ್ತಿತ್ತು. ಕೆಮ್ಮಿದರೆ ಯಾವ ಮನೆಯ ಫೋನು ಎಂದು ಹೇಳುತ್ತಿದ್ದವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಸಾಹೇಬರ ಮೇಲೆ ಏರಿ ಹೋಗುವ ಅವಸರ. ಮಾತಲ್ಲಿ ಗೆಲ್ಲಬೇಕಿತ್ತು. "ಪೂರ್ಣೇಶ, ನಿನ್ನ ದನಿ ಕೊಡು" ಎಂದು ಒಂದು ಮಾತು, ಐದು ಸೆಕೆಂಡು. ಆಗಲೇ ಗೊತ್ತಾಗಿದ್ದರೆ ಶಾಲೆಯ ಬಳಿ ಇದ್ದ ವಾಚರನ್ನು ಹಳ್ಳಕ್ಕೆ ಓಡಿಸುತ್ತಿದ್ದೆ. ಇಪ್ಪತ್ತು ನಿಮಿಷ ಇತ್ತು. ಆ ಇಪ್ಪತ್ತು ನಿಮಿಷವನ್ನು ನಾನು ಪೆನ್ನಿನಿಂದ ಗೀಚಿ ಹಾಕಿದೆ.

ಈ ಪುಸ್ತಕ ಬೇರೆ ಯಾರೂ ನೋಡಿಲ್ಲ. ಮೀಟಿಂಗಿನಲ್ಲಿ ಹೇಳಬೇಕು. ಹೇಳುತ್ತೇನೆ.

ಮಾರ್ಚ್ 19, ಸಂಜೆ

ಹೇಳಲಿಲ್ಲ.

ಜೀಪಿನ ವಿಷಯ ಹೇಳಿದೆ. ಊಟದ ವಿಷಯ, 'ಛೆ' ಅಂದದ್ದು, ಎಲ್ಲ ಹೇಳಿದೆ. ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷ ವೆಂಕಟರಾಮ ಭಟ್ಟರು "ಸರೋಜಮ್ಮನಂಥವ್ರು ನಮ್ಗೆ ಬೇಕು" ಎಂದರು. ಆಮೇಲೆ ಸುರೇಂದ್ರನ ವಿಷಯ. "ಹಾಜರಿ ನಿಯಮ ಮುರಿದಿದ್ದು ಹೌದಾ?" ಎಂದು ನನ್ನನ್ನೇ ಕೇಳಿದರು. ಹೌದು ಎಂದೆ. ತೆಗೆದುಹಾಕಿದರು. ಅವನು ನನ್ನ ಕಡೆ ಕೈಮುಗಿದು ಹೊರಟ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಥೂ ನನ್ನ ಜನ್ಮಕ್ಕೆ. ಸಿಟ್ಟಿದ್ದವರಿಗೆ ಧೈರ್ಯವೂ ಇರುತ್ತದೆ ಎಂದುಕೊಂಡಿದ್ದೆ. ಕೂಗಾಟದ ಹಿಂದೆ ಎಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳಬಹುದು ಅಂತ ಇವತ್ತು ಗೊತ್ತಾಯಿತು.

ಮಾರ್ಚ್ 24, ಬೆಳಿಗ್ಗೆ 11.15. ಶಿವಮೊಗ್ಗ, ಐಸಿಯು ಹೊರಗೆ

ಮೊದಲ ಬಸ್ಸಿಗೆ ಬಂದೆ. ಗಾಜಿನಾಚೆಯಿಂದ ನೋಡಿದೆ. ಗಂಟಲಿಗೆ ಪೈಪು, ಕೈಗೆ ಬ್ಯಾಂಡೇಜು. ಬದುಕುತ್ತಾನೆ ಎನ್ನುತ್ತಾರೆ. ಬೆರಳು ಮೊದಲಿನ ಹಾಗಾಗುವುದು ಅನುಮಾನ. ಆ ಬೆರಳಲ್ಲೇ ಕೂದಲೆಳೆಯಂಥ ತಂತಿ ಸುತ್ತುತ್ತಿದ್ದ.

ಅವನ ಹೆಂಡತಿ ಭವ್ಯಶ್ರೀ ಹದಿಮೂರು ದಿನಕ್ಕೇ ಅರ್ಧ ಆಗಿದ್ದಾಳೆ. ನನ್ನ ಕೈ ಹಿಡಿದುಕೊಂಡಳು.

"ಸರೋಜಕ್ಕ, ಸುರೇಂದ್ರಣ್ಣ ದಿನಾ ಬಂದು ಇಲ್ಲೇ ಕೂತಿರ್ತಿದ್ರು. ನೀವು ಮೀಟಿಂಗಲ್ಲಿ ಹೇಳಿದ್ದು ಗೊತ್ತಾದ್ಮೇಲೆ, ಇನ್ನು ನಿಮ್ಮ ಮುಖ ತೋರಿಸ್ಬೇಡಿ ಅಂತ ಬೈದು ಕಳಿಸ್ದೆ. ಸರಿ ಮಾಡಿದ್ನಲ್ವಾ ಅಕ್ಕಾ? ನೀವೊಬ್ರಾದ್ರೂ ಇವ್ರ ಪರ ಮಾತಾಡಿದ್ರಿ."

ಕಾಫಿ ತರುತ್ತೇನೆಂದು ಅವಳು ಎದ್ದು ಹೋದಳು. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಲಾಗ್ ಪುಸ್ತಕ ಚೀಲದಲ್ಲಿದೆ, ಬೇಕೆಂದೇ ತಂದಿದ್ದೇನೆ. ಅವಳು ನನಗೂ ಬೈಯಲಿ, ಹೊಡೆಯಲಿ. ಮೊದಲು ಸುರೇಂದ್ರನನ್ನು ವಾಪಸ್ ಕರೆಯಲಿ.

ಬರುತ್ತಿದ್ದಾಳೆ. ಕೈಯಲ್ಲಿ ಎರಡು ಲೋಟ. ಕಾಫಿ ಮುಟ್ಟುವ ಮೊದಲೇ ಹೇಳಬೇಕು, ಕುಡಿದ ಮೇಲೆ ಬಾಯಿ ಬರುವುದಿಲ್ಲ. ಭವ್ಯಾ, ಕೂತ್ಕೋ, ಆ ಮೂರು ಮುಕ್ಕಾಲರ ಹಾಜರೀಲಿ ನಾನು