ಗಂಜಲ ಬಿದ್ದ ಪ್ಲೇಟು

ತಿಪಟೂರು
14 ನವೆಂಬರ್ 2024

ಮಗಳು ಇಂಪನಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲೆಲ್ಲ ಕ್ಷೇಮ. ನೀನೂ ಮೋಹನನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿರುವಾಗ ಕಾಗದವೇಕೆ ಎನ್ನಬೇಡ. ಫೋನಿಗೆ ಕೂತರೆ ನಿನ್ನಜ್ಜಿಯ ಕಿವಿ ನನ್ನ ಕಿವಿಗಿಂತ ಮುಂದಿರುತ್ತದೆ. ಬರೆಯುವುದು ತಡವಾಯಿತು. ಕೊಬ್ಬರಿ ಕೆಲಸವೆಂದು ನೆಪ ಹೇಳಬಹುದು. ಆದರೆ ನೀನು ನನ್ನ ಮಗಳು, ನೆಪದ ತೂಕ ನಿನಗೆ ಗೊತ್ತು. ಜಾತಿ ಬೇರೆಯೆಂಬ ಗಲಾಟೆಯೆಲ್ಲ ತಣ್ಣಗಾಗಿದೆ. ಮದುವೆಯಾದ ಮೇಲೆ ಗಂಡನ ಜೊತೆ ಒಂದೇ ಸಲ ಬಂದವಳು ಮತ್ತೆ ಇತ್ತ ತಲೆ ಹಾಕಿಲ್ಲ. ಇಬ್ಬರೂ ಬರಬೇಕು. ಅದಕ್ಕೇ ಈ ಕಾಗದ.

ನಿನ್ನತ್ತಿಗೆ ಜೀವಿತಾ ಗೋಡೌನಿನ ಹಿಂದಿನ ಕೋಣೆಯಲ್ಲಿ ಲ್ಯಾಬು ಮಾಡಿಕೊಂಡಿದ್ದಾಳೆ. ತೆಂಗಿನ ಬೇರನ್ನು ರೋಗದಿಂದ ಕಾಯುವ ಬ್ಯಾಕ್ಟೀರಿಯಾವೊಂದನ್ನು ಮಣ್ಣಿನಿಂದ ಬಿಡಿಸಿ, ಅದೊಂದನ್ನೇ ಬೆಳೆಸುವುದು ಅವಳ ಹಟ. ತಂತಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಮಣ್ಣು ಕದಡಿದ ನೀರನ್ನು ಅದರ ತುದಿಯಲ್ಲೆತ್ತಿ ಅಗರ್ ಎಂಬ ಗಟ್ಟಿ ಲೋಳೆ ಹಾಕಿದ ಪ್ಲೇಟಿನ ಮೇಲೆ ಗೀಟು ಎಳೆಯುತ್ತಾಳೆ. ಗೀಟಿನ ಕೊನೆಗೆ ಬರುವಷ್ಟರಲ್ಲಿ ಗುಂಪು ಚದುರಿ ಒಂದೊಂದೇ ಚುಕ್ಕಿ ಉಳಿಯುತ್ತದೆ. ಒಂದು ಚುಕ್ಕಿಯೆಂದರೆ ಒಂದೇ ಜೀವಾಣುವಿನ ಸಂತಾನ. ಮಂಡಿಯಲ್ಲಿ ಗೋಣಿ ಹೊತ್ತು, ರಾಶಿಯಲ್ಲಿ ಕೌಟು ಕೊಬ್ಬರಿ ಆರಿಸಿ ಮೇಲೆ ಬಂದವನು ನಾನು; ಒಳ್ಳೆಯ ಚುಕ್ಕಿ ಗುರುತಿಸುವುದು ಕಷ್ಟವೇ? ತಂತಿ ಬೇಗ ಆರಲೆಂದು ಬಾಯಿಂದ ಊದಿ ಬೈಸಿಕೊಂಡಿದ್ದೂ ಉಂಟು.

ಹೋದ ತಿಂಗಳು ಎಲ್ಲ ಪ್ಲೇಟೂ ಕೆಟ್ಟವು. ಚುಕ್ಕಿಗಳ ಮೇಲೆಲ್ಲ ಬಿಳಿ ಪೊರೆ. ಜೀವಿತಾ ಅಳುವುದೊಂದು ಬಾಕಿ. ನಾನು ಮೂಗರಳಿಸಿದೆ, ಗುರುತಿನ ವಾಸನೆಯೇ.

"ಅವ್ವ, ಲ್ಯಾಬಿಗೆ ಹೋಗಿದ್ಯಾ?"

"ಹೂಂ ಕಣ್ಲಾ. ಆ ಮಗು ದಿನಾ ಶುದ್ಧ ಶುದ್ಧ ಅಂತ ಒದ್ದಾಡ್ತದೆ. ಮುಚ್ಚಳ ತೆಗ್ದು ಒಂದೊಂದಕ್ಕೂ ಗಂಜಲ ಚಿಮುಕ್ಸಿವ್ನಿ, ಬುಡು."

ಜೀವಿತಾ ಬೈಯಲಿಲ್ಲ. ಅಜ್ಜಿಯ ಗಡಿಗೆಯ ಗಂಜಲದ ಒಂದು ಹನಿಯನ್ನೇ ಹೊಸ ಪ್ಲೇಟಿಗೆ ಎಳೆದಳು. ಮಾರನೆಯ ದಿನ ನೋಡಿದರೆ ಅದರೊಳಗೆ ಸಂತೆಯೇ ನೆರೆದಿತ್ತು!

"ಇಷ್ಟು ಜನ ಇದ್ರೇನೇ ನನ್ ಗಡಿಗೇಲಿ?" ಎಂದಳು ಅಜ್ಜಿ.

"ಎಲ್ಲಾ ಕಡೆ ಇರ್ತಾರೆ ಅಜ್ಜಿ. ಒಂದೇ ಜಾತಿ ಇರೋದು ನನ್ ಪ್ಲೇಟಲ್ಲಿ ಮಾತ್ರ. ಅದೂ ಮುಚ್ಚಳ ಮುಚ್ಚಿದ್ರೆ."

ಈಗ ಕೆಲಸ ಗೆದ್ದಿದೆ. ಕೋಣೆ ಕತ್ತಲೆ ಮಾಡಿ ನೇರಳೆ ದೀಪ ಹಿಡಿದರೆ ಚುಕ್ಕಿಗಳೆಲ್ಲ ಒಂದೇ ಹಸಿರಿನಲ್ಲಿ ಹೊಳೆಯುತ್ತವೆ. ಅಜ್ಜಿ ಕೈಮುಗಿದು, "ಯಾರ ತೋಟದ ಮಣ್ಣೇ?" ಎಂದಳು.

"ಸಂಪಿಗೆ ಊರಿಂದು. ಮೋಹನಣ್ಣನ ತೋಟದ್ದು."

ಅಜ್ಜಿ ಪ್ಲೇಟಿನ ಹತ್ತಿರಕ್ಕೆ ಬಗ್ಗಿದಳು. ಆಮೇಲೆ, "ಇನ್ನೊಂದ್ಸಲ ದೀಪ ಹಿಡಿ" ಎಂದಳು.

ನಿಮ್ಮ ಮರಗಳಲ್ಲಿ ಹೊಂಬಾಳೆ ತುಂಬಿರಲಿ, ಮನೆಯಲ್ಲಿ ನಗು ತುಂಬಿರಲಿ.

ಇಂತಿ ನಿನ್ನ ಅಪ್ಪ,
ತೋಂಟದಾರ್ಯ

ಇನ್ನೊಂದು ಮಾತು: ಅವತ್ತು ನೀವು ಹೊರಟ ಮೇಲೆ ಮೋಹನ ಕೂತಿದ್ದ ಜಾಗಕ್ಕೆ ಅಜ್ಜಿ ಅದೇ ಗಡಿಗೆಯಿಂದ ಚಿಮುಕಿಸಿದಳು. ಮರೆತ ಕೊಡೆಗೆಂದು ತಿರುಗಿ ಬಂದ ನೀನು ಹೊಸ್ತಿಲಲ್ಲಿ ನಿಂತದ್ದನ್ನು ನಾನೊಬ್ಬನೇ ನೋಡಿದೆ. ಕೊಡೆ ಮುಟ್ಟದೆ ನೀನು ಹೊರಟುಹೋದೆ. ಮೊನ್ನೆ ಅಜ್ಜಿ ತಾನೇ ಹೋಗಿ ಗಡಿಗೆಯನ್ನು ತೆಂಗಿನ ಬುಡಕ್ಕೆ ಬಗ್ಗಿಸಿ ಬಂದಳು. ಕೊಡೆ ಇನ್ನೂ ಅದೇ ಮೊಳೆಯಲ್ಲಿದೆ. ಬರುವುದಕ್ಕೆ ನೆಪ ಬೇಕಿದ್ದರೆ ಅದಿದೆಯಲ್ಲ.