ಹಿಟ್ಟು ಮೆತ್ತಿದ ದೆವ್ವ

ಮುಬಿನ,

ಐದನೇ ಇಯತ್ತೆಯಲ್ಲಿದ್ದಾಗ ನೀನು ನನ್ನ ಮೊಬೈಲಿನಲ್ಲಿ ಕೋಳಿಮರಿಗಳ ವಿಡಿಯೊ ಮಾಡಿ ತೋರಿಸಿದ್ದೆ. ಮುಂದೆ ನೀನು ಸಿನಿಮಾ ತೆಗೆದರೆ ಎಲ್ಲರಿಗಿಂತ ಮೊದಲು ನಾನೇ ಕೊನೆಯವರೆಗೂ ನೋಡುತ್ತೇನೆ ಎಂದು ಅವತ್ತು ಮಾತು ಕೊಟ್ಟೆ.

ಈಗ ಹಿಟ್ಟಿನ ಗಿರಣಿ ಮುಚ್ಚಿ ಬಂದು, ನೀನು ಲ್ಯಾಪ್‌ಟಾಪಿನಲ್ಲಿ ಬಿಟ್ಟು ಮಲಗಿದ ದೆವ್ವದ ಸಿನಿಮಾ ಹಚ್ಚಿದೆ. "ದೆವ್ವದ ಮಾರಿ ಜಲ್ದಿ ತೋರಸಬಾರದ್ರಿ ಅಬ್ಬಾ, ಮೊದಲ ಕಾಲ ತೋರಸಬೇಕು" ಅಂದಿದ್ದೆಯಲ್ಲ, ಹಾಗೆಯೇ ಮೊದಲು ಕಾಲು ಬಂತು. ಎಳೆದೆಳೆದು ಇಡುವ ಕಾಲು. ಆಮೇಲೆ ಬಾಗಿದ ಬೆನ್ನು. ಅದು ತಿರುಗಿತು ನೋಡು, ಕತ್ತಲಲ್ಲಿ ಆ ಬೆಳ್ಳನೆಯ ಮುಖ ಕಂಡು ನಾನು ಚೀರಿಬಿಟ್ಟೆ.

ನಿಮ್ಮ ಅಮ್ಮಿ ಎದ್ದು ಓಡಿ ಬಂದಳು. "ಏ, ಅದು ನೀವ ಅಲ್ಲೇನ್ರಿ! ಜ್ವಾಳದ ಹಿಟ್ಟ ಮೆತ್ತಿಕೊಂಡು ಮನಿಗೆ ಬರಾಕತ್ತೀರಿ!" ಎಂದು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ನೀನು ಯಾವಾಗ ತೆಗೆದೆಯೋ ಗೊತ್ತಿಲ್ಲ. ನಾನು ಹೀಗೆ ನಡೆಯುತ್ತೇನೆ ಎಂಬುದೂ ಗೊತ್ತಿರಲಿಲ್ಲ.

ಈ ಸಿನಿಮಾ ಕಾಲೇಜಿಗೆ ಕೊಡಲೋ ಬೇಡವೋ ಎಂದು ಕೇಳಿದ್ದೆಯಲ್ಲ, ನಾಳೆ ಕೊಡು. ಏನನ್ನೂ ಕತ್ತರಿಸಬೇಡ. ದೆವ್ವ ಯಾರು ಎಂದು ಗೆಳತಿಯರು ಕೇಳಿದರೆ ನಮ್ಮ ಅಬ್ಬಾ ಎನ್ನು, ನಾಚಬೇಡ. ಮದುವೆ ಮನೆಯವರ ಜೋಳ ಬೀಸುವುದಿದೆ, ನೀನು ಏಳುವ ಮೊದಲೇ ಹೋಗಿರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ತಿಂದೇ ಸಿಂದಗಿ ಬಸ್ಸು ಹತ್ತು.

ಆ ಮುಖ ಬಂದಲ್ಲಿಗೇ ಬಂದ್ ಮಾಡಿದೆ. ಮುಂದೆ ನೋಡಲು ಆಗಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.